ಬಿಚ್ಚಿದ ಮೇಲೆ ಮುಚ್ಚುವ ಕೆಲಸ

ಹೊನ್ನಾವರ ತಾಲ್ಲೂಕಿನ ಕಾಸರಕೋಡಿನಿಂದ ತಾಯಿಯೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಅವರದು ಗದಗಿನ ಕಡೆಯ ಮನೆತನ. ಯಜಮಾನರ ನೌಕರಿಯ ನಿಮಿತ್ತ ಕೆಲವು ವರ್ಷಗಳಿಂದ ಕಡಲ ದಂಡೆಯಲ್ಲಿ ಸಂಸಾರ. ಮಾವನವರ ಕಾಲದ ಯೆಜ್ಡಿ ಬೈಕೊಂದನ್ನು ಅಭಿಮಾನದಿಂದ ಅಲ್ಲಿಗೂ ಒಯ್ದಿದ್ದಾರೆ. ಕಾಲೇಜಿಗೆ ಹೋಗುವ ಮಗ ರಜೆಯಲ್ಲಿ ಅದರ ಎಂಜಿನ್ನಿನ ಎಡಮಗ್ಗುಲ ಮುಚ್ಚಳ ಬಿಚ್ಚಿ, ಕ್ಲಚ್ ಪ್ಲೇಟುಗಳನ್ನು ತಾನೇ ಬದಲಿಸಿ, ಮುಚ್ಚಳವನ್ನು ತಿರುಗಿ ಕೂರಿಸಿದನಂತೆ. ಬೈಕು ಈಗ ಓಡುತ್ತದೆ. ಆದರೆ ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತದೆ. ಒಂದು ಸ್ಕ್ರೂ ಎಷ್ಟು ತಿರುವಿದರೂ ಬಿಗಿಯಾಗದು. ಇನ್ನೊಂದು ಯಾವ ತೂತಿನದೆಂದು ತಿಳಿಯದೆ ಕೈಯಲ್ಲೇ ಉಳಿದಿದೆ. ತಂದೆಯವರು ಸಿಟ್ಟಾಗಿ, ಇನ್ನು ಬೈಕನ್ನು ಮುಟ್ಟಕೂಡದೆಂದು ಅಪ್ಪಣೆ ಮಾಡಿದ್ದಾರೆ. ಇಂತಹ ಕೆಲಸವನ್ನು ಮನೆಯಲ್ಲಿ ಮಕ್ಕಳ ಕೈಗೆ ಕೊಡಬಹುದೆ ಎಂಬುದು ಆ ತಾಯಿಯ ಪ್ರಶ್ನೆ.

ಕೊಡಬಹುದು ಎಂದೇ ನಾವು ಹೇಳುತ್ತೇವೆ. ಆದರೆ ಬಿಚ್ಚುವುದಕ್ಕೆ ಅನುಮತಿ ಕೊಡುವ ಮುಂಚೆ ಮುಚ್ಚುವುದನ್ನು ಕಲಿಸಬೇಕು. ಬಿಚ್ಚುವುದಕ್ಕೆ ಕುತೂಹಲ ಸಾಕು. ಮುಚ್ಚುವುದಕ್ಕೆ ತಾಳ್ಮೆ, ಲೆಕ್ಕ, ಶುಚಿತ್ವ ಮೂರೂ ಬೇಕು. ಮನೆಯಲ್ಲಿ ನಡೆಯುವ ದುರಸ್ತಿಗಳಲ್ಲಿ ಹೆಚ್ಚಿನವು ಕೆಡುವುದು ಕೊನೆಯ ಅರ್ಧ ಗಂಟೆಯಲ್ಲಿ, ಕತ್ತಲಾಗುವ ಮುಂಚೆ ಮುಗಿಸಬೇಕೆಂಬ ಅವಸರದಲ್ಲಿ. ಆದ್ದರಿಂದ ಈ ತಿಂಗಳು ಮುಚ್ಚುವ ಕೆಲಸವೊಂದನ್ನೇ ಹಿಡಿದು ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೈಸೂರಿನ ಬೈಕು

ಮೊದಲು ಆ ಬೈಕಿನ ವಿಚಾರ. ಚೆಕೊಸ್ಲೊವಾಕಿಯದ ಜಾವಾ ಬೈಕುಗಳನ್ನು ಪರವಾನಗಿ ಪಡೆದು ತಯಾರಿಸುವ ಐಡಿಯಲ್ ಜಾವಾ ಕಾರ್ಖಾನೆ ೧೯೬೦ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ನೆಲೆಗೊಂಡಿತು. ೧೯೭೩ರಿಂದ ಅದರ ಬೈಕುಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. ನಮ್ಮ ನಾಡಿನ ಎಷ್ಟೋ ಮೇಷ್ಟರು, ವೈದ್ಯರು, ಒಕ್ಕಲುತನದವರು ಊರಿಂದೂರಿಗೆ ತಿರುಗಿದ್ದು ಆ ಬೈಕಿನ ಮೇಲೆ. ೧೯೯೬ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಜಾವಾ ಹೆಸರು ೨೦೧೮ರಲ್ಲಿ, ಯೆಜ್ಡಿ ಹೆಸರು ೨೦೨೨ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆಯಾದರೂ ಅವು ಬೇರೆಯೇ ಎಂಜಿನ್ನಿನ ಬೈಕುಗಳು; ಹೊಸದರ ಮುಚ್ಚಳ ಹಳೆಯದಕ್ಕೆ ಹೊಂದುವುದಿಲ್ಲ.

ಇದನ್ನು ಹೇಳಲು ಕಾರಣವಿದೆ. ಇಂದಿನ ಬೈಕಿನ ಮುಚ್ಚಳ ಒಡೆದರೆ ಹಣ ಕೊಟ್ಟು ಇನ್ನೊಂದನ್ನು ತರಬಹುದು. ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿಯ ಮೂಲ ಮುಚ್ಚಳ ಒಡೆದರೆ ಅದನ್ನು ಹಳೆಯ ಸಾಮಾನಿನವರ ಬಳಿ ಹುಡುಕಬೇಕಾಗುತ್ತದೆ. ತಂದೆಯವರ ಸಿಟ್ಟಿನ ಹಿಂದೆ ಈ ಅರಿವೂ ಇದ್ದೀತು. ಅದು ಅವರ ತಂದೆಯವರ ಬೈಕಲ್ಲವೆ? ಮಗ ಇದನ್ನು ತಿಳಿದುಕೊಳ್ಳಬೇಕು. ಮಗನ ಕೈ ಕಟ್ಟಿಹಾಕಿದರೆ ಮುಂದೆ ಆ ಬೈಕನ್ನು ನೋಡಿಕೊಳ್ಳುವವರು ಯಾರೂ ಉಳಿಯರು ಎಂಬುದನ್ನು ತಂದೆಯವರೂ ತಿಳಿಯಬೇಕು.

ಮುಚ್ಚಳವೆಂದರೆ ಬರಿಯ ತಗಡಲ್ಲ. ಯೆಜ್ಡಿಯ ಎಡಗಡೆಯ ಮುಚ್ಚಳದೊಳಗೆ ಕ್ಲಚ್ಚು ಮತ್ತು ಎಂಜಿನ್ನಿನಿಂದ ಅದಕ್ಕೆ ಬಲ ಒಯ್ಯುವ ಸರಪಳಿ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಗೇರಿಗೂ ಕಿಕ್ಕಿಗೂ ಒಂದೇ ಲಿವರ್ ಇರುವುದು ಈ ಬೈಕಿನ ವಿಶೇಷ. ಅದರ ಶಾಫ್ಟು ಈ ಮುಚ್ಚಳದ ಮೂಲಕವೇ ಹೊರಗೆ ಬರುತ್ತದೆ. ಬಲಗಡೆಯ ಮುಚ್ಚಳದೊಳಗೆ ಡೈನಮೋ ಹಾಗೂ ಸಿ.ಬಿ. ಪಾಯಿಂಟುಗಳು ಇರುತ್ತವೆ, ಅಲ್ಲಿ ಎಣ್ಣೆಯಿಲ್ಲ, ಅಲ್ಲಿಗೆ ನೀರೂ ಹೋಗಬಾರದು. ಹೀಗೆ ಒಂದು ಮುಚ್ಚಳ ಒಳಗಿನದನ್ನು ಹೊರಗೆ ಬಿಡದಂತೆಯೂ, ಇನ್ನೊಂದು ಹೊರಗಿನದನ್ನು ಒಳಗೆ ಬಿಡದಂತೆಯೂ ಕಾಯುತ್ತದೆ. ಎಡಗಡೆಯಿಂದ ಎಣ್ಣೆ ಸೋರಿದರೆ ಗೇರುಗಳು ಒಣಗಿ ಸವೆಯುತ್ತವೆ. ಸೋರಿದ ಎಣ್ಣೆ ಹಿಂದಿನ ಟೈರಿಗೆ ತಾಗಿತೋ, ಮಳೆಯ ರಸ್ತೆಯ ತಿರುವಿನಲ್ಲಿ ಸವಾರನ ಪ್ರಾಣಕ್ಕೇ ಸಂಚಕಾರ. ತೊಟ್ಟಿಕ್ಕುವ ಎಣ್ಣೆಯನ್ನು ಸಣ್ಣ ವಿಷಯವೆಂದು ಬಿಡಬಾರದು.

ಕಡಲ ಗಾಳಿಯ ಗುಣ

ಗದಗಿನಲ್ಲಿ ವರ್ಷಕ್ಕೆ ಆರೇಳುನೂರು ಮಿಲಿಮೀಟರ್ ಮಳೆ. ಹೊನ್ನಾವರದ ಕಡಲ ಸೀಮೆಯಲ್ಲಿ ಅದು ೩೦೦೦ ಮಿಲಿಮೀಟರನ್ನು ಮೀರುತ್ತದೆ. ಕಾಸರಕೋಡಂತೂ ಶರಾವತಿ ಸಮುದ್ರ ಸೇರುವ ಅಳಿವೆಯ ದಕ್ಷಿಣ ದಂಡೆಯ ಊರು. ಗಾಳಿಯಲ್ಲಿಯೇ ಉಪ್ಪು ಇರುತ್ತದೆ. ಬಯಲುಸೀಮೆಯಲ್ಲಿ ಹತ್ತು ವರ್ಷ ಸುಮ್ಮನೆ ಬಿಟ್ಟ ಸ್ಕ್ರೂ ಬಿಚ್ಚಿಕೊಂಡೀತು. ಇಲ್ಲಿ ಎರಡು ಮಳೆಗಾಲ ಕಳೆದರೆ ಅದು ಕಚ್ಚಿಕೊಂಡು ಕೂರುತ್ತದೆ.

ಇದರ ಕಾರಣವನ್ನು ಮಗ ವಿಜ್ಞಾನದ ಪಾಠದಲ್ಲಿ ಓದಿರಬೇಕು. ಮುಚ್ಚಳ ಅಲ್ಯುಮಿನಿಯಮ್ಮಿನದು, ಸ್ಕ್ರೂ ಉಕ್ಕಿನದು. ಎರಡು ಬೇರೆ ಬೇರೆ ಲೋಹಗಳು ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಏರ್ಪಡುತ್ತದೆ. ಅದರಲ್ಲಿ ಅಲ್ಯುಮಿನಿಯಮ್ ಕರಗಿ ಬಿಳಿಯ ಪುಡಿಯಾಗುತ್ತದೆ. ಆ ಪುಡಿ ಸ್ಕ್ರೂವಿನ ಸುತ್ತ ಗಿಡಿದುಕೊಂಡು ಸಿಮೆಂಟಿನಂತೆ ಹಿಡಿಯುತ್ತದೆ. ಆಗ ಬಲ ಹಾಕಿ ತಿರುವಿದರೆ ಸ್ಕ್ರೂವಿನ ತಲೆ ಸವೆಯುತ್ತದೆ, ಇಲ್ಲವೆ ಮುಚ್ಚಳದ ಹಿಂದಿರುವ ಎಂಜಿನ್ನಿನ ಮೈಯೊಳಗಿನ ಥ್ರೆಡ್ಡೇ ಕಿತ್ತು ಬರುತ್ತದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಆಯಿತೆಂದು ಹಲವರು ತಿಳಿಯುತ್ತಾರೆ. ಸ್ಕ್ರೂ ಹೊಳೆಯುತ್ತಿರುತ್ತದೆ, ನಿಜ. ಆದರೆ ಅದರ ಪಕ್ಕದ ಅಲ್ಯುಮಿನಿಯಮ್ ಕರಗುವುದು ನಿಲ್ಲುವುದಿಲ್ಲ.

ಪರಿಹಾರ ಸರಳವಾದದ್ದು. ಕಚ್ಚಿದ ಸ್ಕ್ರೂಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು. ತಲೆಯ ಗೀರಿಗೆ ಸರಿಯಾಗಿ ತುಂಬಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಬೇಕು. ಅದಕ್ಕೂ ಜಗ್ಗದಿದ್ದರೆ, ಸುತ್ತಿಗೆಯ ಏಟಿಗೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇರುವ ಗ್ಯಾರೇಜಿಗೆ ಒಯ್ಯಬೇಕು. ಪೆಟ್ರೋಲ್ ಟ್ಯಾಂಕಿನ ಕೆಳಗೆ ಬೆಂಕಿ ಹಿಡಿದು ಕಾಯಿಸುವ ಸಾಹಸ ಮನೆಯಲ್ಲಿ ಸರ್ವಥಾ ಬೇಡ. ತಿರುಗಿ ಹಾಕುವಾಗ ಪ್ರತಿ ಸ್ಕ್ರೂವಿನ ಥ್ರೆಡ್ಡನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಒಂದಿಷ್ಟೇ ಇಷ್ಟು ಗ್ರೀಸ್ ಸವರಿ ಹಾಕಬೇಕು. ಗ್ರೀಸಿನ ಆ ತೆಳುವಾದ ಪದರ ಉಪ್ಪುನೀರನ್ನು ದೂರವಿಡುತ್ತದೆ. ಕಾಸರಕೋಡಿನ ಟೊಂಕದಲ್ಲಿ ಮೀನುಗಾರರ ದೋಣಿ ಎಂಜಿನ್ನುಗಳನ್ನು ನೋಡಿಕೊಳ್ಳುವವರಿದ್ದಾರೆ. ಉಪ್ಪುನೀರಿನೊಡನೆ ದಿನವೂ ಕಾದಾಡುವವರು ಅವರು. ಒಂದು ಸಂಜೆ ಮಗನನ್ನು ಅವರ ಬಳಿ ಕಳಿಸಿದರೆ ಪುಸ್ತಕದಲ್ಲಿ ಸಿಗದ ನಾಲ್ಕು ಸಂಗತಿ ಕಲಿತು ಬಂದಾನು.

ಬಿಚ್ಚುವಾಗಲೇ ಮುಚ್ಚುವ ಸಿದ್ಧತೆ

ಮುಚ್ಚುವ ಕೆಲಸ ಆರಂಭವಾಗುವುದು ಮೊದಲನೆಯ ಸ್ಕ್ರೂ ಕೈಗೆ ಬಂದಾಗ. ಮುಚ್ಚಳದ ಸ್ಕ್ರೂಗಳು ನೋಡಲು ಒಂದೇ ಬಗೆಯವು. ಆದರೆ ಅನೇಕ ಬೈಕುಗಳಲ್ಲಿ ಅವುಗಳ ಉದ್ದ ಬೇರೆ ಬೇರೆ. ಉದ್ದನೆಯದನ್ನು ಗಿಡ್ಡ ತೂತಿಗೆ ಹಾಕಿದರೆ ತುದಿ ತಳಕ್ಕೆ ತಾಗಿ ನಿಲ್ಲುತ್ತದೆ. ಮುಚ್ಚಳ ಬಿಗಿಯಾಗಿಲ್ಲವೆಂದು ಇನ್ನೂ ತಿರುವಿದರೆ ಲೋಹ ಸೀಳುತ್ತದೆ. ಗಿಡ್ಡದನ್ನು ಉದ್ದ ತೂತಿಗೆ ಹಾಕಿದರೆ ಎರಡು ಮೂರು ಸುತ್ತಿನ ಥ್ರೆಡ್ಡಿನ ಮೇಲೆಯೇ ಎಲ್ಲ ಭಾರವೂ ಬಿದ್ದು ಅದು ಕಿತ್ತುಹೋಗುತ್ತದೆ. ಪತ್ರದಲ್ಲಿ ಹೇಳಿರುವ, ತಿರುವಿದಷ್ಟೂ ತಿರುಗುವ ಸ್ಕ್ರೂ ಬಹುಶಃ ಇಂತಹದೇ ಇರಬೇಕು.

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಒಂದು ರಟ್ಟಿನ ತುಂಡಿನ ಮೇಲೆ ಮುಚ್ಚಳದ ಆಕಾರವನ್ನು ಪೆನ್ಸಿಲ್ಲಿನಿಂದ ಬರೆಯಬೇಕು. ಸ್ಕ್ರೂ ಇರುವಲ್ಲೆಲ್ಲ ರಟ್ಟಿಗೆ ತೂತು ಮಾಡಿ, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದರದೇ ತೂತಿಗೆ ಚುಚ್ಚಿಡಬೇಕು. ವಾಶರಿದ್ದರೆ ಅದೂ ಜೊತೆಗೇ ಇರಲಿ. ಮೂರು ದಿನ ಬಿಟ್ಟು ಕೆಲಸಕ್ಕೆ ಕೂತರೂ ಆಗ ಯಾವುದೂ ಮರೆಯುವುದಿಲ್ಲ. ಮುಚ್ಚಳ ತೆಗೆಯುವ ಮುಂಚೆ ಮೊಬೈಲಿನಲ್ಲಿ ಎರಡು ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ರಟ್ಟನ್ನು ಮಾಡದ ಮೇಲೆ ಇಡತಕ್ಕದ್ದು.

ಬಾಯಂಚಿನ ಶುಚಿ

ತಾಯಂದಿರಿಗೆ ಪ್ರೆಶರ್ ಕುಕ್ಕರಿನ ಅನುಭವ ಚೆನ್ನಾಗಿಯೇ ಇದೆ. ಅಂಚಿನಲ್ಲಿ ಒಂದು ಅನ್ನದ ಅಗುಳು ಅಂಟಿಕೊಂಡಿದ್ದರೂ ಉಗಿ ಸೋರುತ್ತದೆ. ಗ್ಯಾಸ್ಕೆಟ್ ಬಿರುಸಾಗಿದ್ದರೆ ಎಷ್ಟು ಒತ್ತಿದರೂ ಸಿಳ್ಳೆ ಬಾರದು. ಎಂಜಿನ್ನಿನ ಮುಚ್ಚಳದ್ದೂ ಇದೇ ನ್ಯಾಯ. ಮೆಕ್ಯಾನಿಕ್ಕುಗಳು ಪ್ಯಾಕಿಂಗ್ ಎಂದು ಕರೆಯುವ ಕಾಗದದಂತಹ ಹಾಳೆ ಎರಡು ಲೋಹಗಳ ನಡುವೆ ಕೂತು ಎಣ್ಣೆಯನ್ನು ತಡೆಯುತ್ತದೆ. ಹಳೆಯ ಪ್ಯಾಕಿಂಗಿನ ಚೂರು ಒಂದಿಷ್ಟು ಅಂಟಿಕೊಂಡಿದ್ದರೂ ಹೊಸದು ಸರಿಯಾಗಿ ಕೂರುವುದಿಲ್ಲ.

ಅದನ್ನು ತೆಗೆಯಲು ಉಕ್ಕಿನ ಉಳಿಯನ್ನೋ ಚಾಕುವಿನ ಮೊನೆಯನ್ನೋ ಹಿಡಿಯಬಾರದು. ಅಲ್ಯುಮಿನಿಯಮ್ ಮೆದು ಲೋಹ. ಅದರ ಮೇಲೆ ಬಿದ್ದ ಒಂದು ಗೀರು ಎಣ್ಣೆಗೆ ಕಾಲುವೆಯಾಗುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡಿನಿಂದ ನಿಧಾನವಾಗಿ ಕೆರೆದು, ಒಣಬಟ್ಟೆಯಿಂದ ಒರೆಸಬೇಕು. ಕೆರೆಯುವಾಗ ಚೂರುಗಳು ಎಂಜಿನ್ನಿನ ಒಳಗೆ ಬೀಳದಂತೆ ಶುಭ್ರವಾದ ಬಟ್ಟೆ ತುರುಕಿರಬೇಕು. ಮುಚ್ಚುವ ಮುಂಚೆ ಆ ಬಟ್ಟೆಯನ್ನು ನೆನಪಿನಿಂದ ತೆಗೆಯಬೇಕು.

ಹೊಸ ಪ್ಯಾಕಿಂಗ್ ಸಿಗದಿದ್ದರೆ ಪ್ಯಾಕಿಂಗ್ ಹಾಳೆಯನ್ನು ತಂದು ಮನೆಯಲ್ಲಿಯೇ ಕತ್ತರಿಸಿಕೊಳ್ಳಬಹುದು. ಮುಚ್ಚಳದ ಅಂಚಿಗೆ ಹಳೆಯ ಎಣ್ಣೆ ತೆಳುವಾಗಿ ಸವರಿ ಹಾಳೆಯ ಮೇಲೆ ಒತ್ತಿದರೆ ಅಚ್ಚು ಮೂಡುತ್ತದೆ. ಆ ಗೆರೆಯ ಮೇಲೆ ಕತ್ತರಿ ಆಡಿಸಿದರಾಯಿತು. ಹಾಳೆ ಮೊದಲಿದ್ದಷ್ಟೇ ದಪ್ಪದ್ದಾಗಿರಲಿ. ಟ್ಯೂಬಿನಲ್ಲಿ ಬರುವ ಅಂಟನ್ನು ಮಾತ್ರ ಬೆಣ್ಣೆಯಂತೆ ಬಳಿಯಬಾರದು. ಬಿಗಿದಾಗ ಹೆಚ್ಚಿನ ಅಂಟು ಒಳಗೂ ಹೊರಗೂ ಉಕ್ಕುತ್ತದೆ. ಹೊರಗೆ ಬಂದದ್ದನ್ನು ಒರೆಸಬಹುದು. ಒಳಗೆ ಹೋದದ್ದು ಉದುರಿ ಎಣ್ಣೆಯಲ್ಲಿ ತೇಲುತ್ತದೆ. ಸ್ಪ್ಲೆಂಡರಿನಂತಹ ನಾಲ್ಕು ಸ್ಟ್ರೋಕಿನ ಬೈಕುಗಳಲ್ಲಿ ಎಣ್ಣೆಯ ಪಂಪಿನ ಬಾಯಿಗೆ ಒಂದು ಜರಡಿ ಇರುತ್ತದೆ. ಅಂಟಿನ ಚೂರು ಅದಕ್ಕೆ ಅಡ್ಡ ಕೂತರೆ ಎಂಜಿನ್ನಿಗೆ ಎಣ್ಣೆಯೇ ಏರದು. ಅಂಟು ಬೇಕೇ ಆದರೆ ಅದು ಕಾಗದದಷ್ಟು ತೆಳುವಾಗಿರಲಿ.

ಮ್ಯಾಗ್ನೆಟ್ ಇರುವ ಕಡೆಯ ಮುಚ್ಚಳವನ್ನು ಮುಚ್ಚುವ ಮುನ್ನ ಇನ್ನೊಂದು ಪರೀಕ್ಷೆಯುಂಟು. ಸುತ್ತ ಬಿದ್ದ ಕಬ್ಬಿಣದ ಚೂರು, ವಾಶರು, ಸ್ಕ್ರೂಗಳನ್ನು ಅಯಸ್ಕಾಂತ ಸದ್ದಿಲ್ಲದೆ ಸೆಳೆದಿಟ್ಟುಕೊಂಡಿರುತ್ತದೆ. ಕಳೆದ ಸ್ಕ್ರೂವನ್ನು ಅಂಗಳವೆಲ್ಲ ಹುಡುಕುವ ಮೊದಲು ಅಲ್ಲಿ ನೋಡಬೇಕು.

ಬಿಗಿಯುವ ಕ್ರಮ

ಮುಚ್ಚಳ ಸರಿಯಾದ ಜಾಗಕ್ಕೆ ಕೂರಲೆಂದು ಅನೇಕ ಎಂಜಿನ್ನುಗಳಲ್ಲಿ ಎರಡು ಪುಟ್ಟ ಟೊಳ್ಳು ಕೊಳವೆಗಳಿರುತ್ತವೆ. ಡೋವೆಲ್ ಎಂದು ಅವುಗಳ ಹೆಸರು. ಅವು ಮುಚ್ಚಳಕ್ಕೆ ಅಂಟಿಕೊಂಡು ಬಂದಿರಬಹುದು, ಬಿದ್ದೂ ಹೋಗಿರಬಹುದು. ಅವುಗಳನ್ನು ಮೊದಲು ನೆಲೆಗೊಳಿಸಬೇಕು. ಶಾಫ್ಟು ಹೊರಬರುವಲ್ಲಿ ರಬ್ಬರಿನ ಸೀಲ್ ಇರುತ್ತದೆ. ಶಾಫ್ಟಿನ ಹಲ್ಲುಗಳು ಚೂಪು. ನೇರವಾಗಿ ತೂರಿಸಿದರೆ ಸೀಲಿನ ತುಟಿ ಹರಿಯುತ್ತದೆ. ಹಲ್ಲುಗಳ ಮೇಲೆ ಒಂದು ಸುತ್ತು ತೆಳುವಾದ ಟೇಪು ಸುತ್ತಿ, ಗ್ರೀಸು ಸವರಿ, ಮುಚ್ಚಳ ಕೂತ ಮೇಲೆ ಟೇಪು ಎಳೆದುಬಿಡಬೇಕು. ಹೊಸ ಪ್ಯಾಕಿಂಗಿದ್ದೂ ಎಣ್ಣೆ ಸೋರುತ್ತಿದ್ದರೆ ಬಹಳ ಸಲ ದೋಷ ಈ ಸೀಲಿನದೇ.

ಮುಚ್ಚಳ ಕೈಯಿಂದಲೇ ಹೋಗಿ ಕೂರಬೇಕು. ಅಂಗೈಯಿಂದ ಮೆಲ್ಲಗೆ ತಟ್ಟಬಹುದು. ಕೂರದಿದ್ದರೆ ಒಳಗೆ ಏನೋ ಅಡ್ಡ ಇದೆಯೆಂದೇ ಅರ್ಥ. ಸ್ಕ್ರೂ ಹಾಕಿ ಎಳೆದು ಕೂರಿಸುತ್ತೇನೆ ಎನ್ನುವವನು ಮುಚ್ಚಳ ಒಡೆಯುತ್ತಾನೆ.

ಕೂತ ಬಳಿಕ ಎಲ್ಲ ಸ್ಕ್ರೂಗಳನ್ನೂ ಬೆರಳಿನಿಂದಲೇ ನಾಲ್ಕಾರು ಸುತ್ತು ತಿರುಗಿಸಬೇಕು. ಬೆರಳಿಗೆ ಹೋಗದ ಸ್ಕ್ರೂ ಓರೆಯಾಗಿದೆ, ಇಲ್ಲವೆ ತಪ್ಪು ತೂತಿನಲ್ಲಿದೆ. ಎಲ್ಲವೂ ಹಿಡಿದ ಮೇಲೆ ಒಂದನ್ನು ಸ್ವಲ್ಪ ಬಿಗಿದು ಅದರ ಎದುರಿನದಕ್ಕೆ ಹೋಗಬೇಕು. ಅಲ್ಲಿಂದ ಅಡ್ಡಕ್ಕೆ, ಮತ್ತೆ ಅದರ ಎದುರಿಗೆ. ತಬಲಾ ಶ್ರುತಿ ಮಾಡುವವರು ಒಂದು ಕಡೆ ತಟ್ಟಿ ಎದುರಿನ ಕಡೆಯನ್ನೂ ನೋಡಿ ಸಮ ಮಾಡುವಂತೆ ಇದು. ಎರಡು ಮೂರು ಸುತ್ತಿನಲ್ಲಿ ಪೂರ್ತಿ ಬಿಗಿಯಬೇಕು. ಒಂದು ಮೂಲೆಯಿಂದ ಆರಂಭಿಸಿ ಸಾಲಾಗಿ ಬಿಗಿದರೆ ಮುಚ್ಚಳ ಬಾಗಿ, ಎದುರಿನ ಅಂಚಿನಲ್ಲಿ ಎಣ್ಣೆಗೆ ದಾರಿಯಾಗುತ್ತದೆ.

ಎಷ್ಟು ಬಿಗಿಯಬೇಕು? ಇಂತಹ ಮುಚ್ಚಳಗಳಿಗೆ ಸಾಮಾನ್ಯವಾಗಿ ಬಳಸುವ ಆರು ಮಿಲಿಮೀಟರ್ ಸ್ಕ್ರೂಗೆ ಸುಮಾರು ೧೦ ನ್ಯೂಟನ್ ಮೀಟರ್ ಬಿಗಿ ಸಾಕು. ಹತ್ತು ಸೆಂಟಿಮೀಟರ್ ಉದ್ದದ ಪಾನದ ತುದಿಗೆ ಹತ್ತು ಕಿಲೋ ತೂಕ ತೂಗಹಾಕಿದಷ್ಟು ಎಂದು ತಿಳಿಯಿರಿ. ಗ್ರೀಸು ಸವರಿದ್ದರೆ ಅದಕ್ಕಿಂತ ತುಸು ಕಡಿಮೆಯೇ ಇರಲಿ. ಬೈಕಿನ ಕೈಪಿಡಿಯಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ನಂಬಬೇಕು. ಉದ್ದನೆಯ ಪಾನ ಹಿಡಿದ ಹುರುಪಿನ ತರುಣ ತನಗೆ ತಿಳಿಯದಂತೆಯೇ ಇದರ ಮೂರು ಪಟ್ಟು ಬಿಗಿದುಬಿಡುತ್ತಾನೆ. ಗಿಡ್ಡ ಹಿಡಿಯ ಸಲಕರಣೆಯನ್ನೇ ಅವನ ಕೈಗೆ ಕೊಡುವುದು ಜಾಣತನ.

ಥ್ರೆಡ್ ಈಗಾಗಲೇ ಹೋಗಿದ್ದರೆ ದಪ್ಪನೆಯ ಸ್ಕ್ರೂ ಜಡಿಯುವುದು, ಅಂಟು ತುಂಬುವುದು ಬೇಡ. ಹೋದ ಥ್ರೆಡ್ಡಿನ ಜಾಗದಲ್ಲಿ ಉಕ್ಕಿನ ಸುರುಳಿಯೊಂದನ್ನು ಕೂರಿಸಿ ಮೊದಲಿನ ಅಳತೆಯ ಸ್ಕ್ರೂವನ್ನೇ ಹಾಕುವ ವಿಧಾನವಿದೆ, ಹೆಲಿಕಾಯಿಲ್ ಎನ್ನುತ್ತಾರೆ. ಅದನ್ನು ಬಲ್ಲ ವರ್ಕ್‌ಶಾಪಿನಲ್ಲಿಯೇ ಮಾಡಿಸಬೇಕು. ಮಗ ಜೊತೆಗಿದ್ದು ನೋಡಲಿ.

ಕೆಲಸ ಮುಗಿಯುವುದು ಯಾವಾಗ

ಕೊನೆಯ ಸ್ಕ್ರೂ ಬಿಗಿದಾಗ ಕೆಲಸ ಮುಗಿಯಲಿಲ್ಲ. ಎಣ್ಣೆಯನ್ನು ಕೈಪಿಡಿ ಹೇಳಿದಷ್ಟು ತುಂಬಿಸಿ, ಕೀಲಿ ತಿರುಗಿಸದೆ ಹತ್ತು ಸಲ ಕಿಕ್ ಹೊಡೆದು ಲಿವರ್ ಸಲೀಸಾಗಿ ಹಿಂದಕ್ಕೆ ಬರುವುದೇ ನೋಡಬೇಕು. ಗೇರುಗಳನ್ನೂ ಕ್ಲಚ್ಚಿನ ಹಿಡಿಯನ್ನೂ ಪರೀಕ್ಷಿಸಬೇಕು. ಬಳಿಕ ಎಂಜಿನ್ ಚಾಲೂ ಮಾಡಿ ಐದು ನಿಮಿಷ ನಿಲ್ಲಿಸಿ, ಕೆಳಗೆ ಬಿಳಿಯ ಕಾಗದ ಹಾಸಿದರೆ ಒಂದು ಹನಿ ಬಿದ್ದರೂ ತಿಳಿಯುತ್ತದೆ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಬೇಕು. ಆ ನಂತರವೇ ಅದು ಊರಿನೊಳಗೆ ಓಡುವ ಬೈಕು; ಇನ್ನೂ ನಾಲ್ಕು ದಿನ ಕಳೆದ ಮೇಲೆ ಹೆದ್ದಾರಿಯ ಬೈಕು. ಬ್ರೇಕಿನ ಕೆಲಸವನ್ನು ಮಾತ್ರ ಬಲ್ಲವರ ಕಣ್ಣೆದುರಿಗಲ್ಲದೆ ಮಕ್ಕಳು ಮಾಡಕೂಡದು.

ತೆಗೆದ ಹಳೆಯ ಎಣ್ಣೆಯ ಗತಿಯೇನು? ತೆಂಗಿನ ಬುಡಕ್ಕೋ ಮರಳಿಗೋ ಸುರಿದುಬಿಡುವ ರೂಢಿ ಎಲ್ಲ ಕಡೆಯೂ ಇದೆ. ಕಾಸರಕೋಡಿನ ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ೨೦೨೦ರಲ್ಲಿ ಅಂತಾರಾಷ್ಟ್ರೀಯ ನೀಲಿ ಧ್ವಜದ ಮನ್ನಣೆ ಪಡೆದ ಕಡಲತೀರವೂ ಅದೇ ಊರಿನದು. ಅಲ್ಲಿಯ ಮನೆಗಳ ಬಾವಿಗಳೂ ಅದೇ ಮರಳಿನ ನೆಲದಲ್ಲಿವೆ. ಎಣ್ಣೆಯನ್ನು ಹಳೆಯ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡುವವರೆಗೆ ದುರಸ್ತಿ ಪೂರ್ತಿಯಾಗದು. ಈ ಪಾಠವನ್ನೂ ಮಗನಿಗೆ ಮೊದಲ ದಿನವೇ ಹೇಳಿಕೊಡಬೇಕು.

ತಂದೆಯವರಲ್ಲಿ ಒಂದು ಬಿನ್ನಹ

ಕೈಕೆಲಸವನ್ನು ಕೀಳೆಂದು ಎಣಿಸುವ ಪರಂಪರೆ ನಮ್ಮದಲ್ಲ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಇವರೆಲ್ಲ ತಮ್ಮ ಕೆಲಸದ ಹೆಸರನ್ನೇ ಹೊತ್ತು ಬಾಳಿದವರು. ಹಾಗೆಂದು ಮನಬಂದಂತೆ ಮಾಡಿದ ಕೆಲಸಕ್ಕೆ ಆ ಗೌರವ ಸಲ್ಲದು. ಹಗ್ಗ ಹೊಸೆದವನು ಅದು ಭಾರ ಹೊರುವುದೋ ಇಲ್ಲವೋ ನೋಡಿಯೇ ಕೊಡಬೇಕು.

ಆ ಹುಡುಗ ಎಂಜಿನ್ ಬಿಚ್ಚುವ ಧೈರ್ಯ ಮಾಡಿದ್ದಾನೆ, ಕ್ಲಚ್ಚನ್ನೂ ಸರಿಯಾಗಿ ಕೂರಿಸಿದ್ದಾನೆ. ಬೈಕು ಓಡುತ್ತಿರುವುದೇ ಇದಕ್ಕೆ ಸಾಕ್ಷಿ. ಅವನಿಗೆ ಕಡಿಮೆಯಾದದ್ದು ಕೊನೆಯ ಘಟ್ಟದ ಶಿಸ್ತು. ಅದನ್ನು ಕಲಿಸುವುದಕ್ಕೆ ಆ ಬೈಕಿಗಿಂತ ಒಳ್ಳೆಯ ಪಾಠಶಾಲೆ ಸಿಗದು. ಆದ್ದರಿಂದ ತಂದೆಯವರು ಬರುವ ಭಾನುವಾರ ಮಗನೊಡನೆ ಅಂಗಳಕ್ಕೆ ಇಳಿಯಲಿ. ಮುಚ್ಚಳ ಇನ್ನೊಮ್ಮೆ ಬಿಚ್ಚಲಿ. ರಟ್ಟಿನ ಮೇಲೆ ಚಿತ್ರ ಬರೆಯುವುದು ತಂದೆಯ ಕೆಲಸವಾಗಲಿ, ಅಂಚು ಒರೆಸುವುದು ಮಗನದಾಗಲಿ. ತಾತನವರು ಆ ಬೈಕನ್ನು ಹೇಗೆ ನೋಡಿಕೊಳ್ಳುತ್ತಿದ್ದರೆಂಬ ಮಾತು ಆ ಹೊತ್ತಿನಲ್ಲಿ ತಾನಾಗಿಯೇ ಬಂದೀತು. ಬೆಳಕು ಇಳಿಯುವ ಹೊತ್ತಿಗೆ ಕೆಲಸ ಮುಗಿಯದಿದ್ದರೆ ಹಾಗೆಯೇ ಒಂದು ಬಟ್ಟೆ ಮುಚ್ಚಿ ಎದ್ದುಬಿಡಿ. ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ಮರುದಿನ ಮುಂದುವರಿಸಬಹುದು. ಅವಸರದಲ್ಲಿ ಮುಚ್ಚಿದ್ದನ್ನು ಮತ್ತೆ ಬಿಚ್ಚಲೇಬೇಕಾಗುತ್ತದೆ.